ಟೂರಿಗೆ ಹತ್ತು ಜನ

ನಮ್ಮ ಕ್ರಿಕೆಟ್ ಕ್ಲಬ್ಬು ವರ್ಷಕ್ಕೊಮ್ಮೆ ಟೂರ್ ಹೋಗುತ್ತದೆ. ಬೆಂಗಳೂರಿನಿಂದ ಮಲೆನಾಡಿಗೆ, ಎರಡು ದಿನ, ಎರಡು ಮ್ಯಾಚು. ಇದಕ್ಕೆ ಟೂರ್ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ಮನೆಯಲ್ಲಿ ‘ಮ್ಯಾಚಿದೆ’ ಅಂದರೆ, ಇಲ್ಲೇ ಗ್ರೌಂಡ್ ಇಲ್ವಾ ಅನ್ನುತ್ತಾರೆ. ‘ಟೂರ್’ ಅಂದರೆ ಚಕ್ಕುಲಿ ಕಟ್ಟಿಕೊಡುತ್ತಾರೆ.

ಹಿಂದಿನ ವಾರ ವಾಟ್ಸಾಪಿನಲ್ಲಿ ‘ನಾನು ರೆಡಿ’ ಅಂದವರು ಹತ್ತೊಂಬತ್ತು ಜನ. ಶುಕ್ರವಾರ ರಾತ್ರಿ ಯಶವಂತಪುರದಲ್ಲಿ ಟೆಂಪೋ ಟ್ರಾವೆಲರ್ ಹತ್ತಿದವರು ಹತ್ತು. ಮೇಲೆ, ಟಾರ್ಪಾಲಿನ ಕೆಳಗೆ, ಪಿಚ್ಚಿಗೆ ಹಾಸುವ ನಾರಿನ ಮ್ಯಾಟು. ಕಳೆದ ಸಲ ಆ ಊರಿನ ಮ್ಯಾಟಿಗೆ ಸರಿಯಾಗಿ ಗುಡ್ ಲೆಂಗ್ತಿನ ಜಾಗದಲ್ಲೇ, ಅಂದರೆ ಚೆಂಡು ಬಿದ್ದರೆ ಆಡಲು ಕಷ್ಟವಾಗುವ ಜಾಗದಲ್ಲೇ, ತೂತು ಬಿದ್ದಿತ್ತು. ಅವರ ಬೌಲರುಗಳಿಗೆ ಅದರ ವಿಳಾಸ ಬಾಯಿಪಾಠ.

ಮ್ಯಾಟ್ ಹಾಸುವುದೂ ಒಂದು ಮ್ಯಾಚೇ. ಎರಡೂ ಕಡೆಯವರು ಹಿಡಿದು ಜಗ್ಗಬೇಕು, ಅಂಚಿಗೆ ಮೊಳೆ ಹೊಡೆಯಬೇಕು. ಎಲ್ಲೋ ಒಂದು ಸುಕ್ಕು ಉಳಿದರೆ ಚೆಂಡು ಹಲ್ಲಿಗೇ ಬರುತ್ತದೆ. ಅಷ್ಟು ಮುಗಿಯುವಾಗ ತಿಂಡಿ ಬಂತು. ಬಿಸಿ ಕಡುಬು, ಕಾಯಿ ಚಟ್ನಿ, ಮೇಲೆ ತುಪ್ಪ. ಬೇಡ ಬೇಡ ಅಂದರೂ ಐದನೆಯದನ್ನು ಬಡಿಸಿದರು. ಅವರ ಕ್ಯಾಪ್ಟನ್ ಮಾತ್ರ ಬರೀ ಕಾಫಿ ಕುಡಿದ. ಆಮೇಲೆ ಟಾಸ್ ಗೆದ್ದು ನಮ್ಮನ್ನು ಫೀಲ್ಡಿಂಗಿಗೆ ಅಟ್ಟಿದ. ಹೊಟ್ಟೆಯಲ್ಲಿ ಐದು ಕಡುಬು ಇಟ್ಟುಕೊಂಡು ಕವರ್ಸ್‌ನಲ್ಲಿ ಬಗ್ಗಿ ನೋಡಿ, ಗೊತ್ತಾಗುತ್ತದೆ.

ಹನ್ನೊಂದನೆಯವರಾಗಿ ಡ್ರೈವರ್ ಸಾಹೇಬರನ್ನೇ ಇಳಿಸಿದೆವು. “ಫೀಲ್ಡಿಂಗಿಗೆ ಬಾಟಾ ಬೇರೆನಾ ಸಾರ್?” ಅಂತ ಮೊದಲು ಕೇಳಿಕೊಂಡೇ ಫೈನ್ ಲೆಗ್ಗಿಗೆ ಹೋದರು.

ಈ ಟೂರುಗಳಲ್ಲಿ ನಾವು ಗೆದ್ದದ್ದು ಕಡಿಮೆ. ಅದಕ್ಕೇ ನಾನು ಪ್ರತಿ ವರ್ಷ ಗಾಡಿಯಲ್ಲಿ ಪಾರ್ಸಿಗಳ ಕತೆ ಹೇಳುತ್ತೇನೆ. 1886ರಲ್ಲಿ ಮುಂಬಯಿಯ ಪಾರ್ಸಿಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಇಲ್ಲಿಂದ ಅಲ್ಲಿಗೆ ಆಡಲು ಹೋದ ಮೊದಲ ತಂಡ ಅದು. 28 ಮ್ಯಾಚ್ ಆಡಿ ಗೆದ್ದದ್ದು ಒಂದೇ ಒಂದು, ಸೋತದ್ದು 19. ಎರಡೇ ವರ್ಷಕ್ಕೆ ಮತ್ತೆ ಹೊರಟರು! ಆ ಸಲ 8 ಗೆದ್ದರು, ಪಾವ್ರಿ ಎಂಬ ಡಾಕ್ಟರ್ ಒಬ್ಬರೇ 170 ವಿಕೆಟ್ ಕಿತ್ತರು. ನನಗೆ ಆ 170ಕ್ಕಿಂತ, ಹತ್ತೊಂಬತ್ತು ಸೋತು ಬಂದವರಿಗೆ ಇನ್ನೊಮ್ಮೆ ಪೆಟ್ಟಿಗೆ ಕಟ್ಟೋಣ ಅನ್ನಿಸಿತಲ್ಲ, ಅದೇ ದೊಡ್ಡದು. ಗಾಡಿಯಲ್ಲಿ ಈ ಕತೆ ಮುಗಿಯುವಷ್ಟರಲ್ಲಿ ಎಲ್ಲರೂ ಗೊರಕೆ ಹೊಡೆಯುತ್ತಿರುತ್ತಾರೆ.

ಈ ಸಲವೂ ನಲವತ್ತು ಚಿಲ್ಲರೆ ರನ್ನಿಂದ ಸೋಲು ಗ್ಯಾರಂಟಿ ಆಗಿತ್ತು. ಕೊನೆಯವರಾಗಿ ಡ್ರೈವರ್ ಬಂದರು, ಒಂದೇ ಕಾಲಿಗೆ ಪ್ಯಾಡ್ ಕಟ್ಟಿಕೊಂಡು. ಎರಡನೇ ಚೆಂಡನ್ನೇ ಕಣ್ಣು ಮುಚ್ಚಿ ಎತ್ತಿದರು. ಅದು ಬೇಲಿ ದಾಟಿ ಪಕ್ಕದ ಅಡಿಕೆ ತೋಟಕ್ಕೆ ಬಿತ್ತು. ಅಲ್ಲಿನ ನಿಯಮದಲ್ಲಿ ತೋಟಕ್ಕೆ ಬಿದ್ದರೆ ನಾಲ್ಕೇ ರನ್. ಆರು ಕೊಟ್ಟರೆ ಎಲ್ಲರೂ ಅಲ್ಲಿಗೇ ಹೊಡೆಯುತ್ತಾರಂತೆ.

ಚೆಂಡು ಹುಡುಕಲು ಎರಡೂ ಟೀಮಿನವರು ತೋಟಕ್ಕೆ ಇಳಿದೆವು, ಇಬ್ಬರು ಅಂಪೈರುಗಳ ಸಮೇತ. ಒದ್ದೆ ಸೋಗೆ ಎತ್ತಿ ಎತ್ತಿ ನೋಡಿದೆವು. ಹತ್ತು ನಿಮಿಷವಾದರೂ ಸಿಗಲಿಲ್ಲ. ತಿರುಗಿ ನೋಡಿದರೆ ಡ್ರೈವರ್ ಬ್ಯಾಟ್ ಊರಿಕೊಂಡು ಪಿಚ್ಚಿನ ಮೇಲೇ ನಿಂತಿದ್ದಾರೆ.

“ಹೊಡೆದೋರು ಹುಡುಕಬಾರ್ದು, ಅಲ್ವಾ ಸಾರ್?”