ರಸ್ತೆ ಕಿರಿದಲ್ಲ, ಕಾರು ದೊಡ್ಡದು

ಊರ ಬೀದಿಗಳಲ್ಲೇ ನಡೆಯುವ ಫಾರ್ಮುಲಾ ಒನ್ ಕಾರು ರೇಸ್, ಮೊನಾಕೊ ಗ್ರ್ಯಾನ್ ಪ್ರಿ, ಮುಗಿದ ಸಂಜೆ ಪ್ರತಿ ವರ್ಷವೂ ಫೇಸ್‌ಬುಕ್ ತುಂಬ ಒಂದೇ ರಾಗ. ರಸ್ತೆ ತೀರಾ ಇಕ್ಕಟ್ಟು, ಒಬ್ಬರನ್ನೊಬ್ಬರು ಹಿಂದಿಕ್ಕಲು ಆಗುವುದೇ ಇಲ್ಲ, ಇಂಥ ರೇಸ್ ಯಾರಿಗೆ ಬೇಕು? ಸಿಟ್ಟಿಗೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. 2024ರಲ್ಲಿ ಅಲ್ಲಿ ಮೊದಲ ಹತ್ತು ಸ್ಥಾನಗಳಿಂದ ಹೊರಟ ಹತ್ತೂ ಜನ ಅದೇ ಕ್ರಮದಲ್ಲಿ ಗುರಿ ಮುಟ್ಟಿದರು. ಫಾರ್ಮುಲಾ ಒನ್ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಮರುವರ್ಷ ಎಲ್ಲರೂ ಟೈರ್ ಬದಲಿಸಲು ಎರಡು ಸಲ ಪಿಟ್‌ಗೆ, ಅಂದರೆ ಹಾದಿಯ ಪಕ್ಕದಲ್ಲಿರುವ ತಂಡದ ಗ್ಯಾರೇಜಿನ ಬಳಿಗೆ, ಬರಲೇಬೇಕೆಂದು ನಿಯಮ ತಂದರು. ನಿಯಮ ಮಾಡಿದವರು ಚಾಪೆ ಕೆಳಗೆ ತೂರಿದರೆ ತಂಡಗಳು ರಂಗೋಲಿ ಕೆಳಗೆ ತೂರಿದವು. ತಂಡದ ಒಬ್ಬ ಚಾಲಕ ಬೇಕೆಂದೇ ನಿಧಾನವಾಗಿ ಓಡಿಸಿ ಹಿಂದಿನವರನ್ನೆಲ್ಲ ತಡೆದು ನಿಲ್ಲಿಸುವುದು, ಅಷ್ಟರಲ್ಲಿ ಇನ್ನೊಬ್ಬ ಆರಾಮವಾಗಿ ಟೈರ್ ಬದಲಿಸಿಕೊಂಡು ಬರುವುದು. ಜಗತ್ತಿನ ಅತಿ ವೇಗದ ಕಾರುಗಳು ಮೆರವಣಿಗೆ ಹೊರಟವು.

ಆದರೆ ಬೈಗುಳ ರಸ್ತೆಗೆ ಯಾಕೆ? 1929ರಲ್ಲಿ ಮೊದಲ ರೇಸ್ ನಡೆದಾಗಿನಿಂದ ಮೊನಾಕೊದ ಬೀದಿಗಳ ರೂಪರೇಖೆ ಹೆಚ್ಚುಕಡಿಮೆ ಅದೇ. ಬೆಳೆದದ್ದು ಕಾರು. 2017ರಲ್ಲಿ ಅದರ ಅಗಲವನ್ನು ಎರಡು ಮೀಟರಿಗೆ ಏರಿಸಿದರು. ಉದ್ದ ಐದು ಮೀಟರ್ ದಾಟಿ ಎಷ್ಟೋ ಕಾಲವಾಯಿತು. ಬಾಗಿಲಲ್ಲಿ ಹಿಡಿಸದ ಬೀರು ತಂದು ಬಾಗಿಲನ್ನು ಬೈಯುವ ಯಜಮಾನನ ಹಾಗಿದೆ ಇದು. 2026ರ ನಿಯಮದಲ್ಲಿ ಹತ್ತು ಸೆಂಟಿಮೀಟರ್ ಅಗಲ ಕಡಿಮೆ ಮಾಡಿದ್ದಾರೆ. ಸಂತೋಷ. ಸಾಲದು.

ನಾನು ಹೇಳಹೊರಟಿರುವುದು ಇನ್ನೊಂದು ಊರಿನ ಮಾತು. ಇಂಥದೇ ಇಕ್ಕಟ್ಟಿನ ಬೀದಿಗಳು, ಇಂಥದೇ ಗೋಡೆಗಳು ಇರುವ ಊರು. ಪ್ರಶ್ನೆ ಎದುರಾದಾಗ ಆ ಊರು ಬೇರೆಯದೇ ಉತ್ತರ ಕೊಟ್ಟಿತು, ಅದೂ ಎರಡು ಸಲ. ಚೀನಾದ ತೆಂಕಣ ಅಂಚಿನಲ್ಲಿ, ಹಾಂಗ್‌ಕಾಂಗ್‌ಗೆ ಮಗ್ಗುಲಲ್ಲಿರುವ ಮಕಾವ್ ಅದು.

ಮಕಾವ್ ಗ್ರ್ಯಾನ್ ಪ್ರಿ ಶುರುವಾದದ್ದು 1954ರ ಅಕ್ಟೋಬರ್ ಕೊನೆಯಲ್ಲಿ. ಆಗ ಗೋವೆಯ ಹಾಗೆಯೇ ಅದೂ ಪೋರ್ಚುಗೀಸರ ಕೈಯಲ್ಲಿತ್ತು. ಊರಿನ ಕೆಲವು ಕಾರುಪ್ರೇಮಿಗಳಿಗೆ ಮೊದಲು ಹೊಳೆದದ್ದು ಬೀದಿಗಳಲ್ಲಿ ಕಾರಿನಲ್ಲಿ ಸುತ್ತುತ್ತ ನಿಧಿ ಹುಡುಕುವ ಆಟವೊಂದನ್ನು ನಡೆಸುವುದು, ಅಷ್ಟೇ. ಸಲಹೆ ಕೇಳಲು ಹಾಂಗ್‌ಕಾಂಗ್‌ನ ಮೋಟಾರು ಕ್ಲಬ್ಬಿನವರ ಬಳಿ ಹೋದರೆ ಅವರು ಹಾದಿ ನೋಡಿ, ಇಲ್ಲಿ ಸರಿಯಾದ ರೇಸನ್ನೇ ಮಾಡಬಹುದಲ್ಲ ಎಂದರು. ನಾಲ್ಕು ಗಂಟೆಗಳ ಆ ಮೊದಲ ರೇಸನ್ನು ಎಡ್ವಾರ್ಡೊ ದೆ ಕಾರ್ವಾಲ್ಯೊ ಎಂಬ ಪೋರ್ಚುಗೀಸ್ ಚಾಲಕ ಟ್ರಯಂಫ್ ಟಿಆರ್2 ಕಾರಿನಲ್ಲಿ ಗೆದ್ದ. ಮಕಾವ್ 1999ರಲ್ಲಿ ಚೀನಾದ ಕೈಗೆ ಬಂತು, ಸಮುದ್ರಕ್ಕೆ ಮಣ್ಣು ತುಂಬಿ ಊರು ಹಿಗ್ಗಿತು, ಕ್ಯಾಸಿನೊಗಳು ಮುಗಿಲು ಮುಟ್ಟಿದವು. ಗಿಯಾ ಸರ್ಕ್ಯೂಟ್ ಎಂಬ ಆ ಹಾದಿಯ ಆಕಾರ ಮಾತ್ರ ಬಹುಪಾಲು ಹಾಗೆಯೇ ಉಳಿದಿದೆ.

ಆ ಹಾದಿಯನ್ನು ಸ್ವಲ್ಪ ನೋಡಿ. ಒಟ್ಟು 6.12 ಕಿಲೋಮೀಟರ್, ಮೊನಾಕೊದ ಸುಮಾರು ಎರಡರಷ್ಟು. ಅರ್ಧ ಒಂದು ಬಗೆ, ಇನ್ನರ್ಧ ಇನ್ನೊಂದು ಬಗೆ. ಕೆಳಗೆ, ಹಿಂದೆ ಕಡಲ ದಂಡೆಯಾಗಿದ್ದಲ್ಲಿ, ಬಾಣ ಬಿಟ್ಟಂತೆ ಓಟ. ಮ್ಯಾಂಡರಿನ್ ತಿರುವನ್ನು ಎದೆಗಾರಿಕೆ ಇದ್ದವನು ಆಕ್ಸಿಲರೇಟರ್‌ನಿಂದ ಕಾಲು ತೆಗೆಯದೆ ದಾಟುತ್ತಾನೆ. ಅಲ್ಲಿಂದ ಇನ್ನೂರೈವತ್ತು ಕಿಲೋಮೀಟರ್ ಮೀರಿದ ವೇಗದಲ್ಲಿ ನೇರವಾಗಿ ಲಿಸ್ಬೋವಾಕ್ಕೆ. ಲಿಸ್ಬೋವಾ ಎಂದರೆ ಬಲಕ್ಕೆ ಚೌಕದ ಮೂಲೆಯಂಥ ತಿರುವು, ಎದುರಿಗೆ ತಡೆಗೋಡೆ. ಮಗ್ಗುಲಿನ ಹೋಟೆಲಿನ ಹೆಸರೇ ಅದಕ್ಕೆ. ಅದಕ್ಕೂ ಹಿಂದೆ ಅಲ್ಲಿ ಪೋರ್ಚುಗೀಸ್ ಗವರ್ನರನೊಬ್ಬನ ಪ್ರತಿಮೆ ಇತ್ತು, ತಿರುವಿಗೂ ಸ್ಟ್ಯಾಚ್ಯೂ ಕಾರ್ನರ್ ಎನ್ನುತ್ತಿದ್ದರು.

ಲಿಸ್ಬೋವಾ ದಾಟಿದ ಕೂಡಲೇ ಗುಡ್ಡ. ಸ್ಯಾನ್ ಫ್ರಾನ್ಸಿಸ್ಕೊ, ಮೆಟರ್ನಿಟಿ, ಸಾಲಿಟ್ಯೂಡ್, ಮೂರಿಶ್ ಹಿಲ್, ದೋನಾ ಮರಿಯಾ ಎಂದು ಒಂದರ ಬೆನ್ನಿಗೆ ಒಂದು ತಿರುವು. ಎರಡೂ ಕಡೆ ಕಬ್ಬಿಣದ ತಡೆಬೇಲಿ, ಅದರಾಚೆಗೆ ಜನ ವಾಸಿಸುವ ಮನೆಗಳು. ಕೊನೆಗೆ ಮೆಲ್ಕೊ ಎಂಬ ಹಿಮ್ಮುರಿ ತಿರುವು, ರಸ್ತೆಯ ಅಗಲ ಬರೀ ಏಳು ಮೀಟರ್. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಸಾಧಾರಣ ರೇಸ್ ಕಾರು ಅಲ್ಲಿ ಹೊರಳುವುದಿಲ್ಲ. ಮಕಾವ್‌ಗೆಂದೇ ಮುಂದಿನ ಚಕ್ರಗಳು ಹೆಚ್ಚು ತಿರುಗುವಂತೆ ಮಾರ್ಪಡಿಸುತ್ತಾರೆ. ಯಾರೂ ಯಾರನ್ನೂ ಹಿಂದಿಕ್ಕಬಾರದೆಂದು ಅಲ್ಲಿ ರೇಸ್ ಉದ್ದಕ್ಕೂ ಹಳದಿ ಬಾವುಟ. ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ರೆಕ್ಕೆಯನ್ನು ಕೆಳಗಿನ ಓಟಕ್ಕೆಂದು ಚಪ್ಪಟೆ ಮಾಡಿದರೆ ಗುಡ್ಡದಲ್ಲಿ ಕಾರು ನೆಲ ಕಚ್ಚುವುದಿಲ್ಲ, ಗುಡ್ಡಕ್ಕೆಂದು ರೆಕ್ಕೆ ಏರಿಸಿದರೆ ಕೆಳಗೆ ಹಿಂದಿನವನು ನುಂಗಿಬಿಡುತ್ತಾನೆ. ಎಂಜಿನಿಯರುಗಳ ತಲೆನೋವು ನಮಗೆ ಹಬ್ಬ.

ಈಗ ವಿಷಯಕ್ಕೆ ಬರುತ್ತೇನೆ. 1983ರ ಹೊತ್ತಿಗೆ ಅಲ್ಲಿ ಓಡುತ್ತಿದ್ದ ಫಾರ್ಮುಲಾ ಪೆಸಿಫಿಕ್ ಕಾರುಗಳ ಕಾಲ ಮುಗಿಯುತ್ತ ಬಂದಿತ್ತು. ಮೊದಲ ಯೋಚನೆ ದೊಡ್ಡದೇ, ಫಾರ್ಮುಲಾ ಒನ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಫಾರ್ಮುಲಾ ಟು ತರೋಣ ಎಂದು. ಆದರೆ ಆ ಕಾರುಗಳಿಗೆ ತಕ್ಕಂತೆ ಹಾದಿಯನ್ನು ಸಾಕಷ್ಟು ಬದಲಿಸಬೇಕಾಗುತ್ತಿತ್ತು, ಮರಗಳನ್ನೂ ಕಡಿಯಬೇಕಾಗುತ್ತಿತ್ತು. ಯೋಜನೆ ಕೈಬಿಟ್ಟು ಚಿಕ್ಕದಾದ ಫಾರ್ಮುಲಾ ತ್ರೀ ಕಾರುಗಳನ್ನು ಕರೆದರು. ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣ ನೋಡಿ ನೋಡಿ ಸುಸ್ತಾದ ನನಗೆ ಮರಕ್ಕೆ ಕೊಡಲಿ ಹಾಕುವ ಬದಲು ಕಾರನ್ನೇ ಚಿಕ್ಕದು ಮಾಡಿದ ಆಡಳಿತವೊಂದು ಭೂಮಿಯ ಮೇಲಿತ್ತು ಎಂಬುದೇ ಅರ್ಧ ಸಮಾಧಾನ.

ಅದರ ಫಲ ಮೊದಲ ವರ್ಷವೇ ಸಿಕ್ಕಿತು. ಆ ವರ್ಷ ಬ್ರಿಟನ್ನಿನ ಫಾರ್ಮುಲಾ ತ್ರೀ ಪಟ್ಟ ಗೆದ್ದಿದ್ದ ಬ್ರೆಜಿಲ್‌ನ ಹುಡುಗನೊಬ್ಬ ಬಂದ. ಹಿಂದೆಂದೂ ನೋಡದ ಹಾದಿಯಲ್ಲಿ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ, ಪಡೆದು ರೇಸಿನ ಎರಡೂ ಲೆಗ್‌ಗಳನ್ನು, ಅಂದರೆ ಎರಡೂ ಭಾಗಗಳನ್ನು, ಗೆದ್ದುಕೊಂಡು ಹೋದ. ಮುಂದೆ ಫಾರ್ಮುಲಾ ಒನ್‌ನ ದಂತಕಥೆಯಾದ ಅಯರ್ಟನ್ ಸೆನ್ನಾ. ಅವನು ಓಡಿಸಿದ್ದು ಟೆಡ್ಡಿ ಯಿಪ್ ಅವರ ಥಿಯೊಡೋರ್ ತಂಡಕ್ಕೆ. ಈ ಯಿಪ್ ಸುಮಾತ್ರಾದಲ್ಲಿ ಹುಟ್ಟಿ ಹಾಂಗ್‌ಕಾಂಗ್‌ನಲ್ಲಿ ನೆಲೆಸಿದ ವ್ಯಾಪಾರಿ. ಮಕಾವ್‌ನ ಜೂಜು ವ್ಯಾಪಾರದಲ್ಲಿ ಪಾಲುದಾರರು, ಸ್ವತಃ ಇದೇ ಬೀದಿಗಳಲ್ಲಿ ರೇಸ್ ಓಡಿಸಿದವರು. ಜೂಜಿನ ದುಡ್ಡು ಎಂದು ಮೂಗು ಮುರಿಯುವವರು ಮುರಿಯಲಿ, ಆ ದುಡ್ಡಿಲ್ಲದೆ ಮಕಾವ್ ರೇಸಿನ ಕಥೆ ಇಷ್ಟು ದೂರ ಬರುತ್ತಿರಲಿಲ್ಲ.

1990ರ ರೇಸ್ ಬಗ್ಗೆ ಎಷ್ಟು ಹೇಳಿದರೂ ನನಗೆ ದಣಿವಾಗುವುದಿಲ್ಲ. ಮೊದಲ ಲೆಗ್ ಗೆದ್ದದ್ದು ಫಿನ್ಲೆಂಡಿನ ಮಿಕಾ ಹಾಕಿನೆನ್. ಎರಡೂ ಲೆಗ್‌ಗಳ ಸಮಯ ಕೂಡಿಸಿ ವಿಜೇತನನ್ನು ಆರಿಸುವ ಪದ್ಧತಿ ಆಗ. ಎರಡನೆಯದರಲ್ಲಿ ಮುಂದಿದ್ದವನು ಜರ್ಮನಿಯ ಮೈಕೆಲ್ ಶುಮಾಕರ್, ಹಾಕಿನೆನ್ ಅವನ ಬೆನ್ನಿಗಂಟಿಕೊಂಡೇ ಇದ್ದ. ಹಾಗೆಯೇ ಹಿಂದೆ ಹಿಂದೆ ಹೋಗಿದ್ದರೂ ಸಾಕು, ಪ್ರಶಸ್ತಿ ಅವನದೇ. ಕೊನೆಯ ಸುತ್ತಿನಲ್ಲಿ ಅದೇನು ಹೊಕ್ಕಿತೋ, ಪಕ್ಕಕ್ಕೆ ಎಳೆದು ಮುನ್ನುಗ್ಗಲು ಹೊರಟ. ಶುಮಾಕರ್ ದಾರಿ ಕೊಡಲಿಲ್ಲ. ಹಾಕಿನೆನ್ ಕಾರು ಅವನ ಹಿಂಭಾಗಕ್ಕೆ ಬಡಿದು ತಡೆಗೋಡೆಗೆ ಹೋಗಿ ಅಪ್ಪಳಿಸಿತು. ಶುಮಾಕರ್ ಹಿಂದಿನ ರೆಕ್ಕೆ ಕಳೆದುಕೊಂಡ ಕಾರಿನಲ್ಲೇ ಸುತ್ತು ಮುಗಿಸಿ ಗೆದ್ದ. ಇದೇ ಇಬ್ಬರು ಎಂಟು ವರ್ಷಗಳ ನಂತರ ಫಾರ್ಮುಲಾ ಒನ್ ಪಟ್ಟಕ್ಕೆ ಕಾದಾಡಿದರು. ತಪ್ಪು ಯಾರದು ಎಂದು ಇವತ್ತಿಗೂ ವಾದ ಮಾಡುವವರಿದ್ದಾರೆ. ಗೆಲುವು ಕೈಯಲ್ಲಿದ್ದಾಗ ಸುಮ್ಮನಿರಲು ಬಾರದವನದು ಎಂಬುದು ನನ್ನ ತೀರ್ಪು, ಆದರೂ ನಾನು ಹಾಕಿನೆನ್ ಪಕ್ಷ.

2017ರ ಕೊನೆಯ ತಿರುವು ಇದಕ್ಕಿಂತ ಹುಚ್ಚು. ಬ್ರೆಜಿಲ್‌ನ ಸೆರ್ಜಿಯೊ ಸೆಟ್ಟೆ ಕಾಮರಾ ಮುಂದೆ, ಆಸ್ಟ್ರಿಯಾದ ಹಳೆಯ ರಾಜಮನೆತನದ ಕುಡಿ ಫರ್ಡಿನಾಂಡ್ ಹ್ಯಾಬ್ಸ್‌ಬರ್ಗ್ ಹಿಂದೆ. ಉಳಿದದ್ದು ಒಂದೇ ತಿರುವು, ಆಮೇಲೆ ಗುರಿಗೆರೆ. ಹ್ಯಾಬ್ಸ್‌ಬರ್ಗ್ ಹೊರಬದಿಯಿಂದ ಸುತ್ತಿ ಬರಲು ಹೋದ, ಇಬ್ಬರೂ ಗೋಡೆಗೆ. ಮೂರನೆಯವನಾಗಿದ್ದ ಡ್ಯಾನ್ ಟಿಕ್ಟಮ್ ಅವರ ಪಕ್ಕದಿಂದ ಹಾದು ಮೊದಲಿಗನಾದ, ಲ್ಯಾಂಡೊ ನಾರಿಸ್ ಎರಡನೆಯವನು. ಹ್ಯಾಬ್ಸ್‌ಬರ್ಗ್ ಮುರಿದ ಕಾರನ್ನು ತೆವಳಿಸಿಕೊಂಡು ಬಂದು ನಾಲ್ಕನೆಯವನಾದ. ಹೊರಬದಿಯಿಂದ ಹೋಗಲು ಅಲ್ಲಿ ಒಂದಿಷ್ಟು ಜಾಗ ಕಂಡಿತ್ತು ಎಂಬುದನ್ನು ಗಮನಿಸಿ. ಮೊನಾಕೊದಲ್ಲಿ ಇವತ್ತಿನ ಫಾರ್ಮುಲಾ ಒನ್ ಕಾರಿಗೆ ಅಂಥ ಆಸೆ ಹುಟ್ಟಲೂ ಜಾಗವಿಲ್ಲ.

(ಮಡ್‌ಗಾರ್ಡ್ ಇರುವ ಕಾರುಗಳ ರೇಸೂ ಮಕಾವ್‌ನಲ್ಲಿ ನಡೆಯುತ್ತದೆ. 2016ರ ಜಿಟಿ ರೇಸಿನಲ್ಲಿ ಲಾರೆನ್ಸ್ ವಾಂತೂರ್‌ನ ಆಡಿ ಮಗುಚಿ, ತಲೆಕೆಳಗಾಗಿ ಜಾರುತ್ತ ಹೋಗಿ ನಿಂತಿತು. ರೇಸ್ ಅಲ್ಲಿಗೇ ನಿಂತು, ಫಲಿತಾಂಶವನ್ನು ಹಿಂದಿನ ಸುತ್ತಿನಿಂದ ಲೆಕ್ಕ ಹಾಕಿ ಅವನನ್ನೇ ವಿಜೇತ ಎಂದರು.)

ಚಿಕ್ಕ ಕಾರು ಎಂದರೆ ಅಪಾಯವಿಲ್ಲದ ಕಾರು ಎಂದು ಯಾರಾದರೂ ತಿಳಿದರೆ ಅದು ಶುದ್ಧ ಸುಳ್ಳು. 1962 ಮತ್ತು 1963ರಲ್ಲಿ ಗೆದ್ದು, ಇಲ್ಲಿ ಎರಡು ಸಲ ಗೆದ್ದ ಮೊದಲಿಗ ಎನಿಸಿಕೊಂಡ ಫಿಲಿಪೀನ್ಸ್‌ನ ಡೋಜಿ ಲಾರೆಲ್ 1967ರಲ್ಲಿ ಇದೇ ಹಾದಿಯಲ್ಲಿ ಲೋಟಸ್ ಕಾರು ಹೊತ್ತಿ ಉರಿದು ಸತ್ತ. ಮಕಾವ್ ರೇಸಿನ ಮೊದಲ ಸಾವು ಅದು. ಮೋಟಾರ್‌ಸೈಕಲ್ ರೇಸಿನಲ್ಲಿ ತೀರಿಕೊಂಡವರೂ ಇದ್ದಾರೆ. 2018ರಲ್ಲಂತೂ ನಾವೆಲ್ಲ ಉಸಿರು ಬಿಗಿಹಿಡಿದೆವು. ಜರ್ಮನಿಯ 17 ವರ್ಷದ ಹುಡುಗಿ ಸೋಫಿಯಾ ಫ್ಲೋರ್ಶ್ ಲಿಸ್ಬೋವಾದತ್ತ ಬರುವಾಗ, ಹಳದಿ ದೀಪ ಕಂಡು ವೇಗ ತಗ್ಗಿಸಿದ ನಮ್ಮ ಮುಂಬೈನ ಜೆಹಾನ್ ದಾರುವಾಲನ ಕಾರಿಗೆ ಅವಳ ಕಾರು ತಗುಲಿತು. ಚಕ್ರ ಕಳಚಿ, ಹಿಡಿತ ತಪ್ಪಿ, ತಿರುವಿನ ಒಳ ಅಂಚಿಗೆ ಬಡಿದು ಕಾರು ಹಾರಿತು. ಎದುರಿಗಿದ್ದ ಇನ್ನೊಂದು ಕಾರಿಗೆ ತಾಗಿ, ತಡೆಬೇಲಿಯನ್ನು ಹರಿದುಕೊಂಡು ಫೋಟೊಗ್ರಾಫರುಗಳು ನಿಲ್ಲುವ ಅಟ್ಟಣೆಗೆ ನುಗ್ಗಿತು. ಅವಳ ಬೆನ್ನುಮೂಳೆ ಮುರಿದಿತ್ತು. ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ನವೆಂಬರಿನಲ್ಲಿ ಅದೇ ಹುಡುಗಿ ಅದೇ ಲಿಸ್ಬೋವಾಕ್ಕೆ ಬಂದಳು. ಗಟ್ಟಿಗಿತ್ತಿ.

ಹಾಗಾದರೆ ರೇಸನ್ನೇ ನಿಲ್ಲಿಸಬಹುದಲ್ಲ ಎಂದು ನನ್ನ ಗೆಳೆಯರೊಬ್ಬರು ಆಗ ಬರೆದಿದ್ದರು. ಅವರ ಮಾತಿನಲ್ಲಿ ತೂಕವಿದೆ, ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಓಡಿಸುವವರು ಗೊತ್ತಿದ್ದೇ ಬರುತ್ತಾರೆ. ಅಟ್ಟಣೆಯ ಮೇಲೆ ಕ್ಯಾಮೆರಾ ಹಿಡಿದು ನಿಂತವರ ವಿಷಯದಲ್ಲಿ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಒಂದಂತೂ ಸ್ಪಷ್ಟ, ಇಂಥ ಹಾದಿಯಲ್ಲಿ ಕಾರಿನ ಬಲ ಏರಿಸುತ್ತ ಹೋಗುವುದು ಮೂರ್ಖತನ. ಅದನ್ನೇ ಮಾಡಿದರು. 2019ರಲ್ಲಿ ಫಾರ್ಮುಲಾ ತ್ರೀ ಕಾರು ಬದಲಾಗಿ 380 ಅಶ್ವಶಕ್ತಿಯದಾಯಿತು, ಮೈಯೂ ಬೆಳೆಯಿತು. ಕೋವಿಡ್ ಕಾಲದಲ್ಲಿ ಹೊರಗಿನವರು ಬಾರದೆ ಸ್ಥಳೀಯರಿಗಾಗಿ ಫಾರ್ಮುಲಾ ಫೋರ್ ಓಡಿಸಿದರು. 2023ರಲ್ಲಿ ದೊಡ್ಡ ಕಾರು ಮತ್ತೆ ಬಂತು, ಲ್ಯೂಕ್ ಬ್ರೌನಿಂಗ್ ಗೆದ್ದ. ಮರುವರ್ಷವೇ ಅದನ್ನು ಕೈಬಿಟ್ಟು, ಸುಮಾರು 270 ಅಶ್ವಶಕ್ತಿಯ ಫಾರ್ಮುಲಾ ರೀಜನಲ್ ಕಾರುಗಳ ವಿಶ್ವಕಪ್ ಎಂದು ಘೋಷಿಸಿದರು.

ಅಭಿಮಾನಿಗಳು ಬೊಬ್ಬೆ ಹೊಡೆದರು. ಸೆನ್ನಾ ಗೆದ್ದ ರೇಸಿಗೆ ಮಕ್ಕಳ ಕಾರೇ, ಮಾನ ಹೋಯಿತು ಎಂದು. ಸೆನ್ನಾ ಗೆದ್ದದ್ದೂ ಅಂದಿನ ಚಿಕ್ಕ ಕಾರಿನಲ್ಲೇ ಸ್ವಾಮಿ! 2024ರ ರೇಸ್ ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಹುಡುಗರು ಗೋಡೆಗೆ ಬಡಿದುಕೊಂಡದ್ದು ಹೆಚ್ಚು, ಅಪಘಾತವಾದಾಗ ಎಲ್ಲರ ವೇಗ ತಗ್ಗಿಸಲು ಮುಂದೆ ಬರುವ ಸೇಫ್ಟಿ ಕಾರಿನ ಹಿಂದೆ ಸಾಲುಗಟ್ಟಿದ್ದು ಹೆಚ್ಚು. ಅಮೆರಿಕದ ಯೂಗೊ ಉಗೊಚುಕ್ವು ಎಲ್ಲರಿಗಿಂತ ತಣ್ಣಗಿದ್ದು ಗೆದ್ದ. ಆದರೆ ನಿರ್ಧಾರ ಸರಿಯಾದದ್ದು. ಮರಗಳನ್ನು ಉಳಿಸಿಕೊಂಡ 1983ರ ನಿರ್ಧಾರವೇ ನಾಲ್ಕು ದಶಕಗಳ ನಂತರ ಮತ್ತೆ ಬಂದದ್ದು.

ಮೊನಾಕೊಗೂ ಮಕಾವ್‌ಗೂ ಹೋಲಿಕೆ ಪೂರ್ತಿ ಸರಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಕಾಮೆಂಟಿನಲ್ಲಿ ನೀವೇ ಹೇಳುತ್ತೀರಿ. ಮಕಾವ್‌ನಲ್ಲಿರುವ ಆ ಉದ್ದನೆಯ ಓಟ ಮೊನಾಕೊದಲ್ಲಿಲ್ಲ. ಅಲ್ಲಿ ಕಾರನ್ನು ಎಷ್ಟು ಚಿಕ್ಕದು ಮಾಡಿದರೂ ಮುಂದೆ ನಿಂತವನಿಗೇ ಮೇಲುಗೈ. 2025ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಮೊನಾಕೊದ ಫಾರ್ಮುಲಾ ಟು ಸ್ಪ್ರಿಂಟ್ ರೇಸ್ ಗೆದ್ದಾಗ ನಾನೂ ಕುಣಿದಾಡಿದ್ದೇನೆ. ಸ್ಪ್ರಿಂಟ್‌ನಲ್ಲಿ ಮೊದಲ ಹತ್ತು ಜನರ ಕ್ರಮವನ್ನು ತಿರುವುಮುರುವು ಮಾಡುತ್ತಾರೆ, ಹಾಗಾಗಿ ಅವನು ಎಲ್ಲರಿಗಿಂತ ಮುಂದೆ ನಿಂತಿದ್ದ. ಮುಂದೆಯೇ ಉಳಿದ. ನಮ್ಮವನೇ ಗೆದ್ದಾಗ ಅದು ಮೆರವಣಿಗೆ ಎನ್ನಿಸಲಿಲ್ಲ, ಏನು ಮಾಡಲಿ! ಗೋಡೆಗಳ ನಡುವೆ ಬೆನ್ನ ಹಿಂದೆ ಒತ್ತಡ ಇಟ್ಟುಕೊಂಡು ಒಂದೂ ತಪ್ಪು ಮಾಡದೆ ಓಡಿಸುವುದು ಸಣ್ಣ ಕೆಲಸವೇನಲ್ಲ.

ನಮ್ಮಲ್ಲೂ ಬೀದಿ ರೇಸಿನ ಆಸೆ ಹುಟ್ಟಿದೆ. ಹೈದರಾಬಾದ್ 2023ರಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ತಂದಿತು, ಒಂದೇ ವರ್ಷಕ್ಕೆ ಮುಗಿಯಿತು. ಚೆನ್ನೈ 2024ರಲ್ಲಿ ಐಲೆಂಡ್ ಗ್ರೌಂಡ್ಸ್ ಸುತ್ತ ರಾತ್ರಿ ದೀಪದ ಬೆಳಕಿನಲ್ಲಿ ಫಾರ್ಮುಲಾ ಫೋರ್ ಓಡಿಸಿತು. ನನ್ನ ಮತ ಚೆನ್ನೈಗೆ. ಮೂರೂವರೆ ಕಿಲೋಮೀಟರಿನ ಆ ಊರ ರಸ್ತೆಗೆ ತಕ್ಕ ಕಾರು ಅದೇ. ಮುಂದೆ ಯಾರಾದರೂ ಮಂತ್ರಿಗಳು ಫಾರ್ಮುಲಾ ಒನ್ನನ್ನೇ ನಮ್ಮ ಬೀದಿಗೆ ಇಳಿಸುತ್ತೇವೆ ಎಂದು ಹೊರಟರೆ, ಅವರನ್ನು ನವೆಂಬರಿನಲ್ಲಿ ಒಮ್ಮೆ ಮಕಾವ್‌ಗೆ ಕಳುಹಿಸಿ. ಕ್ಯಾಸಿನೊ ಬಾಗಿಲಲ್ಲಿ ಬಿಡಬೇಡಿ, ಮೆಲ್ಕೊ ತಿರುವಿನ ಪಕ್ಕದಲ್ಲಿ ನಿಲ್ಲಿಸಿ.