ನೀರು ಹೋದರೆ ಸಾಕು

ಈಗಷ್ಟೇ ಗ್ರಾಮಸಭೆ ಮುಗಿಸಿ ಬಂದೆ. ಊಟ ಮಾಡುವ ಮನಸ್ಸಿಲ್ಲ, ಇದನ್ನು ಬರೆದೇ ಏಳುತ್ತೇನೆ.

ಹೆದ್ದಾರಿ ಬದಿಯ ಮನೆಯ, ಎಪ್ಪತ್ತು ದಾಟಿದ ಹೆಂಗಸೊಬ್ಬರು ಎದ್ದು ನಿಂತರು. ರಸ್ತೆ ಎತ್ತರಿಸಿದ ಮೇಲೆ ಮಳೆನೀರೆಲ್ಲ ಅವರ ಅಂಗಳಕ್ಕೆ ಇಳಿಯುತ್ತಿದೆ, ಬಾವಿ ನೀರು ಕೆಂಪಾಗಿದೆ. ಪಂಚಾಯತ್‌ನವರು ಹೇಳಿದರು: ಹೆದ್ದಾರಿ ಕೇಂದ್ರದ್ದು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಹೆದ್ದಾರಿಯವರು ಸಭೆಗೇ ಬಂದಿರಲಿಲ್ಲ. ಚರಂಡಿ ಮುಗಿಯುವಲ್ಲಿಗೆ ತಮ್ಮ ಕೆಲಸ ಮುಗಿಯಿತು, ಆಚೆಯ ತೋಡು (ಸಣ್ಣ ಹಳ್ಳ) ತಮ್ಮದಲ್ಲ ಎಂದು ಹಿಂದೆಯೇ ಹೇಳಿ ಕಳಿಸಿದ್ದರಂತೆ. ತೋಡಿನ ಮೋರಿ ಕಟ್ಟಿಕೊಂಡಿದೆ, ಅದು ರಾಜ್ಯದ ಇಲಾಖೆಯದ್ದು. "ಅಮ್ಮ, ನೀವು ಅಲ್ಲಿಗೇ ಒಂದು ಅರ್ಜಿ ಕೊಡಿ" ಅಂದರು ಪಂಚಾಯತ್‌ನವರು. ಆ ಅಮ್ಮ ತುಳುವಿನಲ್ಲಿ, "ಏರಾಂಡಲಾ ಮಲ್ಪಡ್, ನೀರ್ ಪೋಂಡ ಯಾವು" ಅಂತ ಹೇಳಿ ಕೂತರು. ಯಾರಾದರೂ ಮಾಡಲಿ, ನೀರು ಹೋದರೆ ಸಾಕು.

ಎರಡು ಅವಧಿ ಪಂಚಾಯತ್ ಸದಸ್ಯೆಯಾಗಿ ಅದೇ ಮೇಜಿನ ಆಚೆ ಕೂತವಳು ನಾನು, ನಿಮಗೆಲ್ಲ ಗೊತ್ತು. ಅಧಿಕಾರ ಹಂಚಬಾರದು ಎಂದು ನಾನು ಹೇಳುವುದಿಲ್ಲ. ಇಷ್ಟು ದೊಡ್ಡ ದೇಶ ಹಂಚಿಕೆ ಇಲ್ಲದೆ ನಡೆಯದು. ಮಲ್ಪೆಯಲ್ಲಿ ಬೋಟಿಗೆ ಹೋಗುವವರನ್ನು ಕೇಳಿ, ಕಡಲಿನ ಮೇಲೂ ಗೆರೆ ಇದೆ: 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯದ್ದು, ಅದರಾಚೆ ಕೇಂದ್ರದ್ದು. ಪಣಂಬೂರಿನ ಬಂದರು ಕೇಂದ್ರದ್ದು, ಮಂಗಳೂರಿನ ಹಳೇ ಬಂದರು ರಾಜ್ಯದ್ದು. ಇರಲಿ. ಆದರೆ ಗೆರೆ ಎಳೆದದ್ದು ಕೆಲಸ ಯಾರದ್ದೆಂದು ತಿಳಿಯಲಿಕ್ಕೆ, ಬಂದವರನ್ನು ವಾಪಸು ಕಳಿಸಲಿಕ್ಕಲ್ಲ.

ಹೆಚ್ಚು ಸಿಟ್ಟು ಬರುವುದು ಕೆಳಗಿನ ಹಂತವನ್ನು ಕಂಡಾಗ. ಪಂಚಾಯತ್‌ಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರೊಂದಿಗೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆಂದು 29 ವಿಷಯಗಳಿವೆ. 13ನೆಯದರಲ್ಲಿ ರಸ್ತೆ, ಸೇತುವೆಗಳ ಜೊತೆಗೆ ಮೋರಿಯೂ ಇದೆ. ಹೌದು, ಮೋರಿ! ಆದರೆ ಸ್ಥಳೀಯ ಆಡಳಿತ ಎಂಬುದೇ ರಾಜ್ಯಪಟ್ಟಿಯ ವಿಷಯ, ಅಂದರೆ ಅದರ ಕಾನೂನು ಮಾಡುವುದು ರಾಜ್ಯ. ಹಾಗಾಗಿ 243-ಜಿ ವಿಧಿ ಹೇಳುವುದು, ರಾಜ್ಯ ಶಾಸಕಾಂಗ ಪಂಚಾಯತ್‌ಗಳಿಗೆ ಈ ಅಧಿಕಾರಗಳನ್ನು ಕೊಡಬಹುದು ಎಂದು. ಕೊಡಬೇಕು ಎಂದಲ್ಲ, ಕೊಡಬಹುದು. ಹೊಣೆಯ ಹೆಸರು ಕೆಳಗೆ ಬಂತು, ಹಣ ಮತ್ತು ಇಂಜಿನಿಯರು ಮೇಲೆಯೇ ಉಳಿದರು.

ನಮ್ಮ ರಾಜ್ಯಕ್ಕೆ ಇದು ಶೋಭೆಯಲ್ಲ. ತಿದ್ದುಪಡಿಗೆ ಹತ್ತು ವರ್ಷ ಮೊದಲೇ, 1983ರಲ್ಲಿ, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತಿನ ಕಾನೂನು ತಂದರು. 1987ರಲ್ಲಿ ಚುನಾವಣೆಯೂ ಆಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಅದರ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯರು. ಅಂಥ ಕರ್ನಾಟಕದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆ ಹೆಂಗಸು ಯಾವ ಸದಸ್ಯರ ಮನೆ ಬಾಗಿಲು ತಟ್ಟಬೇಕಿತ್ತು?

ಪಂಚಾಯತ್ ಕೈಗೆ ದುಡ್ಡು ಕೊಟ್ಟರೆ ತಿಂದು ಮುಗಿಸುತ್ತಾರೆ ಎಂದು ಕೆಲವರು ಬರೆಯುತ್ತಾರೆ. ತಿನ್ನುವವರಿದ್ದಾರೆ, ನಾನೇ ಕಂಡಿದ್ದೇನೆ. ಆದರೆ ಪಂಚಾಯತ್ ಲೆಕ್ಕವನ್ನು ಗ್ರಾಮಸಭೆಯಲ್ಲಿ ಮುಖಕ್ಕೆ ಮುಖ ಕೊಟ್ಟು ಕೇಳಬಹುದು. ಬೆಂಗಳೂರಿನ, ದೆಹಲಿಯ ಲೆಕ್ಕವನ್ನು ಕೇಳಲಿಕ್ಕೆ ಆ ಹೆಂಗಸು ಯಾವ ಬಸ್ಸು ಹತ್ತಬೇಕು?

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಸದಸ್ಯೆಯಾಗಿದ್ದಾಗ ಕಡಲ್ಕೊರೆತಕ್ಕೆ ನಾಲ್ಕು ತೆಂಗಿನಮರ ಕಳಕೊಂಡ ಮೀನುಗಾರರೊಬ್ಬರು ಬಂದಿದ್ದರು. ತಡೆಗೋಡೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದೆ. ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಅವರ ಪರವಾಗಿ ಒಂದು ಪತ್ರ ಬರೆದು ಠಸ್ಸೆ ಒತ್ತಿ ಕಳಿಸಬಹುದಿತ್ತು. ಬರೆಯಲಿಲ್ಲ. ಮರುವರ್ಷ ಅವರ ಅಡುಗೆಕೋಣೆಯೂ ಕಡಲಿಗೆ ಹೋಯಿತು. ಇವತ್ತು ಸಭೆಯಲ್ಲಿ ಆ ಮಾತು ಕಿವಿಗೆ ಬಿದ್ದಾಗ ನೆನಪಾದದ್ದು ಅವರ ಮುಖ.

ಅರ್ಜಿ ಬರೆದಾಗಿದೆ, ಮೂರು ಪ್ರತಿ. ಮೋರಿಯ ಫೋಟೋ ಲಗತ್ತಿಸಿದ್ದೇನೆ. ಸೋಮವಾರ ಬೆಳಿಗ್ಗೆ ಆ ಅಮ್ಮನನ್ನು ಕರಕೊಂಡು ಮೂರೂ ಕಚೇರಿಗೆ ಹೋಗುತ್ತೇನೆ. ಪ್ರತಿಯೊಂದು ಕಡೆಯೂ ಸ್ವೀಕೃತಿ ಬರೆಸಿಕೊಳ್ಳದೆ ಏಳುವುದಿಲ್ಲ. ಊರಿನವರು ಯಾರಾದರೂ ಜೊತೆಗೆ ಬರುವುದಾದರೆ ಒಂಬತ್ತೂವರೆಗೆ ನಮ್ಮ ಮನೆಗೆ ಬನ್ನಿ.