ಆಯುಧಪೂಜೆ ಆಯ್ತು, ಸಪೋರ್ಟ್ ಹೋಯ್ತು

ಒಂದೇ ಸರ್ವರಿನಲ್ಲಿ ಹತ್ತಾರು ಸರ್ವರ್ ಓಡಿಸುವ ಸಾಫ್ಟ್‌ವೇರ್ ವಿಎಂವೇರ್ ವಿಸ್ಫಿಯರ್. ಅದರ 7ನೇ ಆವೃತ್ತಿಗೆ ಸಪೋರ್ಟ್, ಅಂದರೆ ಕಂಪನಿ ಕೊಡುವ ರಿಪೇರಿ, ಸಹಾಯ, ನಿಂತಿದ್ದು 2025ರ ಅಕ್ಟೋಬರ್ 2ರಂದು. ಪಂಚಾಂಗ ನೋಡಿಯೇ ಇಟ್ಟ ಹಾಗಿತ್ತು ಆ ದಿನ. ಗಾಂಧಿ ಜಯಂತಿಯೂ ಅವತ್ತೇ, ವಿಜಯದಶಮಿಯೂ ಅವತ್ತೇ. ಹಿಂದಿನ ದಿನ ಆಯುಧಪೂಜೆ. ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಸರ್ವರ್‌ಗೆ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ವರ್ಷಪೂರ್ತಿ ತೊಂದರೆ ಕೊಡಬೇಡಪ್ಪಾ ಎಂದು ಕೈಮುಗಿದು, ಕಡ್ಲೆಪುರಿ ಪೊಟ್ಟಣ ಹಿಡಿದುಕೊಂಡು ಜನ ಮನೆಗೆ ಹೋದರು. ಮೈಸೂರಿನಲ್ಲಿ ಅಂಬಾರಿ ಹೊರಡುವ ಹೊತ್ತಿಗೆ ಆ ಸರ್ವರ್ ಅನಾಥವಾಗಿತ್ತು. ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ರಜೆಯಲ್ಲಿದ್ದರಲ್ಲ.

ಸರ್ವರ್ ರೂಮಿನ ಆಯುಧಪೂಜೆ ಬಗ್ಗೆ ಎರಡು ಮಾತು ಹೇಳಲೇಬೇಕು. ಅಲ್ಲಿ ಕರ್ಪೂರ ಹಚ್ಚುವ ಹಾಗಿಲ್ಲ. ಹೊಗೆ ಕಂಡರೆ ಸಾಕು, ಸೈರನ್ ಕೂಗಿ ಬೆಂಕಿ ಆರಿಸುವ ಗ್ಯಾಸ್ ಬಿಟ್ಟುಬಿಡುತ್ತದೆ. ಹಾಗಾಗಿ ಮಂಗಳಾರತಿ ಬಾಗಿಲ ಹೊರಗೆ, ದೇವರು ಬಾಗಿಲ ಒಳಗೆ. ಹಾರವನ್ನು ರ‍್ಯಾಕಿನ ಮುಂಭಾಗಕ್ಕೆ ಹಾಕಿದರೆ ಫ್ಯಾನು ಎಸಳನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ, ಹಿಂಭಾಗಕ್ಕೆ ಹಾಕಿದರೆ ಬಿಸಿಗಾಳಿಗೆ ಒಂದೇ ಗಂಟೆಯಲ್ಲಿ ಬಾಡುತ್ತದೆ. ರ‍್ಯಾಕಿಗೆ ಗಾಲಿ ಇರುವುದರಿಂದ ಅದರ ಕೆಳಗೂ ನಿಂಬೆಹಣ್ಣು ಇಡಬೇಕು ಎನ್ನುವವರಿದ್ದಾರೆ. ಇಟ್ಟರೂ ಅದರ ಮೇಲೆ ಹತ್ತಿಸುವುದು ಹೇಗೆ? ರ‍್ಯಾಕ್ ಎಲ್ಲಿಗೂ ಹೋಗುವುದಿಲ್ಲ. ಬೂದುಗುಂಬಳ ಮಾತ್ರ ಪಾರ್ಕಿಂಗಿನಲ್ಲಿ ಒಡೆಯುತ್ತಾರೆ. ಸಂಜೆ ಸೆಕ್ಯೂರಿಟಿಯವರು ಅದರ ಮೇಲೆ ಕಾಲಿಟ್ಟು ಜಾರುತ್ತಾರೆ. ಇಷ್ಟಕ್ಕೂ ಮೊದಲೇ ಅನುಮತಿ ಬೇಕು ನೋಡಿ. ಕರ್ಪೂರ ಇಲ್ಲ ಎಂದು ಬರೆದುಕೊಡಬೇಕು. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿತಾಯ, ಕುಂಕುಮ ಯಾವ ಭಾಗಕ್ಕೆ, ಜವಾಬ್ದಾರಿ ಯಾರದು, ಎಲ್ಲದಕ್ಕೂ ಮೇಲ್ ಹೋಗುತ್ತದೆ, ಅಪ್ರೂವಲ್ ಬರುತ್ತದೆ. ಇಡೀ ವರ್ಷದಲ್ಲಿ ಆ ರೂಮಿನಲ್ಲಿ ಸರಿಯಾಗಿ ಪ್ಲಾನ್ ಮಾಡಿ ಮಾಡಿದ ಕೆಲಸ ಅಂದರೆ ಅದೊಂದೇ.

ಸಪೋರ್ಟ್ ಮುಗಿಯುವ ದಿನ ಗುಟ್ಟಾಗಿತ್ತಾ? ಇಲ್ಲ. ವಿಸ್ಫಿಯರ್ 7 ಬಂದದ್ದು 2020ರ ಏಪ್ರಿಲ್‌ನಲ್ಲಿ, ಐದು ವರ್ಷ ಅಂತ ಆಗಲೇ ಹೇಳಿದ್ದರು. ಆದರೆ ನಮ್ಮವರಿಗೆ ಕೊನೆಯ ದಿನಾಂಕದ ಮೇಲೆ ನಂಬಿಕೆ ಇಲ್ಲ. ಇರುವುದಾದರೂ ಹೇಗೆ? ವಾಹನಗಳಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಲು 2023ರ ನವೆಂಬರ್ 17 ಕೊನೆ ದಿನ ಎಂದಿದ್ದರು. ಆಮೇಲೆ 2024ರ ಫೆಬ್ರವರಿ, ಆಮೇಲೆ ಮೇ, ಆಮೇಲೆ ಸೆಪ್ಟೆಂಬರ್. ಮೊದಲ ದಿನವೇ ಓಡಿಹೋಗಿ ಹಾಕಿಸಿಕೊಂಡವನನ್ನು ಇಡೀ ಬೀದಿ ನೋಡಿ ನಕ್ಕಿತು. ಅದೇ ಜನ ತಾನೆ ಡೇಟಾ ಸೆಂಟರ್ ನಡೆಸುವುದು? ವಿಎಂವೇರ್ ಕಂಪನಿಯೂ ನಿರಾಸೆ ಮಾಡಲಿಲ್ಲ. 6.7ನೇ ಆವೃತ್ತಿಗೆ 2021ರ ನವೆಂಬರ್ ಎಂದವರು 2022ರ ಅಕ್ಟೋಬರ್‌ವರೆಗೆ ಎಳೆದರು. 7ಕ್ಕೆ 2025ರ ಏಪ್ರಿಲ್ 2 ಎಂದವರು ಅಕ್ಟೋಬರ್ 2 ಮಾಡಿದರು. ಆ ಆರು ತಿಂಗಳು ಸಿಕ್ಕಿದಾಗ ಆದ ಖುಷಿ ಹೇಳತೀರದು. ಪ್ಲಾನಿಂಗ್ ಮೀಟಿಂಗುಗಳನ್ನೆಲ್ಲ ಆರು ತಿಂಗಳು ಮುಂದಕ್ಕೆ ಹಾಕಲಾಯಿತು.

ಈಗ ವಿಎಂವೇರಿನ ಹೊಸ ಯಜಮಾನರ ಗುಣಗಾನ. ಒಂದು ದೊಡ್ಡ ಸರ್ವರನ್ನು ವಠಾರದ ಹಾಗೆ ಹತ್ತಾರು ಮನೆ ಮಾಡಿಕೊಡುವುದು ಈ ಸಾಫ್ಟ್‌ವೇರಿನ ಕೆಲಸ. ಒಂದು ಮನೆಯಲ್ಲಿ ಸಂಬಳದ ಲೆಕ್ಕ, ಪಕ್ಕದಲ್ಲಿ ಇಮೇಲ್, ಹಿಂದಿನ ಕೋಣೆಯಲ್ಲಿ ಹಳೇ ವಿಂಡೋಸ್ ಸರ್ವರ್ ಕೆಮ್ಮುತ್ತಾ ಮಲಗಿದೆ. ಒಂದೊಂದು ಮನೆಗೂ ವಿಎಂ ಅಂತ ಹೆಸರು. ನಲ್ಲಿ ಒಂದೇ, ಮೀಟರೂ ಒಂದೇ. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐದು ಜನ ಸೇರಿ ಶುರು ಮಾಡಿದ ಕಂಪನಿ ಇದು. ಅದನ್ನು ಇಎಂಸಿ ಕೊಂಡಿತು. ಇಎಂಸಿಯನ್ನು ಡೆಲ್ ಕೊಂಡಿತು. 2021ರಲ್ಲಿ ಡೆಲ್ ಬಿಟ್ಟುಕೊಟ್ಟಿತು. 2023ರ ನವೆಂಬರ್ 22ಕ್ಕೆ ಬ್ರಾಡ್‌ಕಾಮ್ ಕೈಗೆ ಬಂತು. ಓನರ್ ಬದಲಾದಾಗ ವಠಾರದವರು ಮೊದಲು ಕೇಳುವುದು ಬಾಡಿಗೆ ಎಷ್ಟು ಜಾಸ್ತಿ ಅಂತ. ಇಲ್ಲಿ ಸ್ವಂತಕ್ಕೆ ಕೊಂಡವರಿಗೂ ಬಾಡಿಗೆ ಚೀಟಿ ಬಂತು. ಒಂದೇ ಸಲ ದುಡ್ಡು ಕೊಟ್ಟು ಲೈಸೆನ್ಸ್ ಕೊಳ್ಳುವ ಪದ್ಧತಿಯನ್ನು ಕೈಗೆ ಬಂದ ಮೂರೇ ವಾರದಲ್ಲಿ ನಿಲ್ಲಿಸಿದರು. ಹಳೇ ಲೈಸೆನ್ಸ್ ನಿಮ್ಮದೇ, ಇಟ್ಟುಕೊಳ್ಳಿ, ಯಾರು ಬೇಡ ಅಂದರು? ಸಪೋರ್ಟ್ ಬೇಕಾದರೆ ಮಾತ್ರ ಚಂದಾ ಕಟ್ಟಿ.

ಇದಕ್ಕೆ ಅವರು ಇಟ್ಟ ಹೆಸರು ಸರಳೀಕರಣ. ನಿಜ, ತುಂಬಾ ಸರಳವಾಗಿದೆ. ಲೆಕ್ಕ ಕೋರ್ ಮೇಲೆ, ಅಂದರೆ ಸಿಪಿಯು ಒಳಗಿನ ಕೆಲಸಗಾರರ ತಲೆ ಎಣಿಸಿ. ಒಂದು ಸಿಪಿಯುಗೆ ಕನಿಷ್ಠ 16 ಕೋರ್. ನಿಮ್ಮದರಲ್ಲಿ ಎಂಟೇ ಇದೆಯಾ? ಪರವಾಗಿಲ್ಲ, ಹದಿನಾರಕ್ಕೆ ಕೊಡಿ. ಈ ಮನೆಗಳನ್ನು ಕಟ್ಟಿಕೊಡುವ, ಉಚಿತವಾಗಿ ಸಿಗುತ್ತಿದ್ದ ತಳಪಾಯದ ಸಾಫ್ಟ್‌ವೇರ್ ಇಎಸ್‌ಎಕ್ಸ್‌ಐ 2024ರ ಫೆಬ್ರವರಿಯಲ್ಲಿ ಮಾಯವಾಯಿತು. 2025ರ ಏಪ್ರಿಲ್‌ನಲ್ಲಿ ಸದ್ದಿಲ್ಲದೆ ವಾಪಸ್ ಬಂತು, ತವರಿಗೆ ಹೋಗಿ ಬಂದ ಹಾಗೆ. ಅಷ್ಟರಲ್ಲಿ ಹುಡುಗರೆಲ್ಲ ಬೇರೆಯದನ್ನು ಕಲಿತಾಗಿತ್ತು. ಮೊದಲು ಸಾಫ್ಟ್‌ವೇರಿನ ತೂತು ಮುಚ್ಚುವ ಪ್ಯಾಚ್‌ಗಳು ತಮ್ಮಷ್ಟಕ್ಕೆ ಬಂದು ಇಳಿಯುತ್ತಿದ್ದವು. ಈಗ ಅದಕ್ಕೂ ಟೋಕನ್ ಬೇಕು. ರೇಷನ್ ಅಂಗಡಿ ಮುಂದೆ ನಿಂತು ಅಭ್ಯಾಸ ಇರುವ ನಮಗೆ ಇದು ಕಷ್ಟವಲ್ಲ ಬಿಡಿ.

ನನಗೆ ತುಂಬಾ ಇಷ್ಟವಾದದ್ದು 2025ರಲ್ಲಿ ಅವರು ಕಳಿಸಿದ ಪತ್ರಗಳು. ಸಪೋರ್ಟ್ ಅವಧಿ ಮುಗಿದವರಿಗೆ ಹೋದವು. ಅವಧಿ ಮುಗಿದ ಮೇಲೆ ಹಾಕಿಕೊಂಡ ಅಪ್‌ಡೇಟ್‌ಗಳನ್ನು ತೆಗೆದುಹಾಕಿ ಎಂದು ಅದರಲ್ಲಿತ್ತು. ತೀರಾ ಗಂಭೀರವಾದ ಕೆಲವು ಭದ್ರತಾ ಪ್ಯಾಚ್‌ಗಳಿಗೆ ವಿನಾಯಿತಿ, ಮಿಕ್ಕಿದ್ದು ಕೀಳಿ. ಬಾಗಿಲಿಗೆ ಹಾಕಿಕೊಂಡ ಚಿಲಕ ಬಿಚ್ಚಿ ಎಂದು ಬೀಗದ ಕಂಪನಿಯೇ ನೋಟಿಸ್ ಕೊಡುವುದನ್ನು ನೋಡುವ ಭಾಗ್ಯ ನಮ್ಮ ತಲೆಮಾರಿಗೆ ಸಿಕ್ಕಿತು.

ದೊಡ್ಡವರು ಕೋರ್ಟಿಗೆ ಹೋದರು. ಅಮೆರಿಕದ ಫೋನ್ ಕಂಪನಿ ಎಟಿ ಆಂಡ್ ಟಿ 2024ರಲ್ಲಿ ಕೇಸು ಹಾಕಿತು. ವರ್ಷದ ಬಿಲ್ಲನ್ನು ಶೇ. 1,050ರಷ್ಟು ಏರಿಸಲು ಹೊರಟಿದ್ದಾರೆ ಎಂದು ಎಟಿ ಆಂಡ್ ಟಿಯ ಕಾಗದದಲ್ಲೇ ಇತ್ತು. ಆಮೇಲೆ ಇಬ್ಬರೂ ರಾಜಿಯಾದರು. ಎಷ್ಟಕ್ಕೆ ಅಂತ ಹೊರಗಿನವರಿಗೆ ಹೇಳಲಿಲ್ಲ. ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೊ 2025ರಲ್ಲಿ 10 ಕೋಟಿ ಪೌಂಡ್ ಕೇಳಿ ಕೋರ್ಟ್ ಮೆಟ್ಟಿಲು ಹತ್ತಿತು. ವೈಟ್‌ಫೀಲ್ಡಿನಲ್ಲಿ ದೊಡ್ಡ ಆಫೀಸು ಇಟ್ಟುಕೊಂಡಿರುವ ಅದೇ ಟೆಸ್ಕೊ. ಆದರೆ ನಾನು ಸಾಷ್ಟಾಂಗ ಮಾಡುವುದು ನೆದರ್‌ಲೆಂಡ್ಸ್‌ನ ರೈಕ್ಸ್‌ವಾಟರ್‌ಸ್ಟಾಟ್ ಎಂಬ ಸರ್ಕಾರಿ ಇಲಾಖೆಗೆ. ಹೆದ್ದಾರಿ, ಕಾಲುವೆ, ಒಡ್ಡು ನೋಡಿಕೊಳ್ಳುವವರು. ದೇಶದ ಎಷ್ಟೋ ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಅಲ್ಲಿ ಕಂಪ್ಯೂಟರ್ ಕೈಕೊಟ್ಟರೆ ತಮಾಷೆಯಲ್ಲ. ನಾವು ಬೇರೆ ಕಡೆಗೆ ಹೋಗುತ್ತಿದ್ದೇವೆ, ಹೋಗುವವರೆಗೆ ಸಪೋರ್ಟ್ ಕೊಡಿ ಎಂದು ಕೇಳಿದರು. ಕೊಡಲಿಲ್ಲ. ಹೇಗ್‌ನ ಕೋರ್ಟು 2025ರ ಜೂನ್‌ನಲ್ಲಿ ಕೊಡಲೇಬೇಕು ಎಂದಿತು. ಎರಡು ವರ್ಷದವರೆಗೆ. ತಪ್ಪಿದರೆ ದಿನಕ್ಕೆ 2,50,000 ಯೂರೋ ದಂಡ. ಒಂದು ಸರ್ಕಾರಿ ಇಲಾಖೆ ತನಗೆ ಏನು ಬೇಕು, ಎಷ್ಟು ಕಾಲ ಬೇಕು ಎಂದು ಸರಿಯಾಗಿ ಲೆಕ್ಕ ಹಾಕಿ, ಟೈಮಿಗೆ ಕೋರ್ಟಿಗೆ ಹೋಗಿ, ಗೆದ್ದು ಬಂತು! ಓದಿ ಕಣ್ಣಲ್ಲಿ ನೀರು ಬಂತು.

ನಮ್ಮಲ್ಲಿ ಕೋರ್ಟಿಗೆಲ್ಲ ಹೋಗುವುದಿಲ್ಲ. ನಾವು ಮೀಟಿಂಗ್ ಮಾಡುತ್ತೇವೆ. ಅದು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮೊದಲು ಒಬ್ಬರು ಬಣ್ಣಬಣ್ಣದ ಸ್ಲೈಡ್ ತೋರಿಸುತ್ತಾರೆ. 7ರಿಂದ ನೇರ 9ಕ್ಕೆ ಹೋಗಿಬಿಡೋಣ ಅನ್ನುತ್ತಾರೆ. ಹೋಗೋಕಾಗಲ್ಲ ಸಾರ್, ಮೊದಲು 8ಕ್ಕೆ ಹೋಗಬೇಕು ಅಂತ ಮೂಲೆಯಿಂದ ಒಂದು ದನಿ. ಸರಿ, 8ಕ್ಕೆ ಹೋಗೋಣ. ನಮ್ಮ ಸರ್ವರ್‌ನ ಸಿಪಿಯು ಹಳೇದು ಸಾರ್, 8 ಅದನ್ನು ಒಪ್ಪಲ್ಲ. ಸರಿ, ಹೊಸ ಸರ್ವರ್ ತಗೊಳ್ಳೋಣ. ಬಜೆಟ್ ಮುಂದಿನ ವರ್ಷಕ್ಕೆ ಸಾರ್. ಸರ್ಕಾರಿ ಕಚೇರಿಯಾದರೆ ಟೆಂಡರ್, ಟೆಂಡರಿಗೆ ತಾಂತ್ರಿಕ ಸಮಿತಿ, ಅತಿ ಕಮ್ಮಿ ರೇಟು ಹಾಕಿ ಎಲ್-1 ಬಂದವನು ಯಾವ ಸಾಮಾನು ತರುತ್ತಾನೋ ಆ ಪುಣ್ಯಾತ್ಮನಿಗೇ ಗೊತ್ತು.

ಆಗ ಹೊಸದಾಗಿ ಸೇರಿದ ಹುಡುಗನೊಬ್ಬ, ವಿಎಂವೇರ್ ಬದಲಿಗೆ ಬೇರೆ ಸಾಫ್ಟ್‌ವೇರ್ ಇದೆ, ಪ್ರಾಕ್ಸ್‌ಮಾಕ್ಸ್ ಎನ್ನುತ್ತಾನೆ. ಇಡೀ ಟೇಬಲ್ಲು ಅವನ ಕಡೆ ತಿರುಗುತ್ತದೆ. ಓಪನ್ ಸೋರ್ಸ್ ಸಾರ್, ಕೋಡ್ ಎಲ್ಲರಿಗೂ ಬಿಚ್ಚಿಟ್ಟಿದ್ದಾರೆ, ಇಎಸ್‌ಎಕ್ಸ್‌ಐನಿಂದ ವಿಎಂಗಳನ್ನು ತರುವ ಸೌಲಭ್ಯ 2024ರಲ್ಲೇ ಕೊಟ್ಟಿದ್ದಾರೆ, ದುಡ್ಡು ಕೊಟ್ಟರೆ ವಿಯೆನ್ನಾದಿಂದ ಸಪೋರ್ಟೂ ಇದೆ ಎಂದು ಅವನು ಒಂದೇ ಉಸಿರಲ್ಲಿ ಹೇಳುತ್ತಾನೆ. ಎಲ್ಲ ನಿಜ. ಆದರೆ ದೊಡ್ಡವರ ಚಿಂತೆ ಬೇರೆ. ಸಿಸ್ಟಮ್ ಬಿದ್ದಾಗ ಬೈಯುವುದಕ್ಕೆ ಒಂದು ದೊಡ್ಡ ಕಂಪನಿ ಬೇಡವಾ? ನಾವು ಕೊಡುವ ಕೋಟಿಗಟ್ಟಲೆ ದುಡ್ಡು ಸಾಫ್ಟ್‌ವೇರಿಗಲ್ಲ, ಬೈಯುವ ಹಕ್ಕಿಗೆ. ಅದನ್ನು ಬಿಟ್ಟುಕೊಡಲು ಯಾವ ಮ್ಯಾನೇಜರ್ ತಾನೇ ಒಪ್ಪುತ್ತಾರೆ?

ಕೊನೆಗೆ ಒಂದು ಫಾರಂ ಹೊರಬರುತ್ತದೆ. ರಿಸ್ಕ್ ಅಕ್ಸೆಪ್ಟೆನ್ಸ್ ಫಾರಂ. ಅಪಾಯ ಇದೆ ಎಂದು ನಮಗೆ ಗೊತ್ತಿದೆ, ನಾವು ಅದನ್ನು ಒಪ್ಪಿಕೊಂಡಿದ್ದೇವೆ ಎಂದು ಸಹಿ ಹಾಕುವುದು. ಎಂಥ ಅದ್ಭುತ ಕಾಗದ! ಸಹಿ ಬಿದ್ದ ಕೂಡಲೇ ಎಕ್ಸೆಲ್ ಶೀಟಿನಲ್ಲಿ ಕೆಂಪಗಿದ್ದ ಚೌಕ ಹಳದಿಯಾಗುತ್ತದೆ. ಹ್ಯಾಕರ್‌ಗಳು ಬಂದು ಫಾರಂ ನೋಡಿ, ಓಹೋ, ಇವರು ಆಗಲೇ ಒಪ್ಪಿಕೊಂಡಿದ್ದಾರೆ ಅಂತ ವಾಪಸ್ ಹೋಗುತ್ತಾರೆ.

ಅವರು ವಾಪಸ್ ಹೋಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐಆರ್ಗ್ಸ್ ಎಂಬ ರಾನ್ಸಮ್‌ವೇರ್ ಸಾವಿರಾರು ಸರ್ವರ್‌ಗಳನ್ನು ಬೀಗ ಹಾಕಿ ಕೂರಿಸಿ, ತೆಗೆಯಲು ದುಡ್ಡು ಕೇಳಿತು. ಅದು ಒಳನುಗ್ಗಿದ ದಾರಿ ಎಂದು ತಜ್ಞರು ತೋರಿಸಿದ ರಂಧ್ರಕ್ಕೆ ಪ್ಯಾಚ್ ಬಂದದ್ದು 2021ರ ಫೆಬ್ರವರಿಯಲ್ಲಿ. ಸಿಕ್ಕಿಬಿದ್ದವರು ಎರಡು ವರ್ಷವಾದರೂ ಅದನ್ನು ಹಾಕಿರಲಿಲ್ಲ. ಅದು ಪ್ಯಾಚ್ ಇದ್ದಾಗಿನ ಕತೆ. ಈಗ ಪ್ಯಾಚೇ ಬಾರದ ಆವೃತ್ತಿಯನ್ನು ಇಟ್ಟುಕೊಂಡು ಕೂತಿದ್ದೇವೆ. ಕೆಳಗಿನ ಒಂದು ಪದರ ಒಡೆದರೆ ಮೇಲಿನ ಅಷ್ಟೂ ವಿಎಂಗಳು ಒಟ್ಟಿಗೆ ಹೋಗುತ್ತವೆ. ಅದರಲ್ಲಿ ಯಾರದೋ ಸ್ಕ್ಯಾನಿಂಗ್ ರಿಪೋರ್ಟ್ ಇರುತ್ತದೆ, ಯಾರದೋ ಪಿಂಚಣಿ ಇರುತ್ತದೆ. ಬೆಳಗ್ಗೆ ಆರಕ್ಕೆ ಬಸ್ ಹತ್ತಿ ಆಸ್ಪತ್ರೆಗೆ ಬಂದ ಅಜ್ಜಿಗೆ ಸರ್ವರ್ ಡೌನ್, ನಾಳೆ ಬನ್ನಿ ಎನ್ನುತ್ತಾರೆ. ಕಂಪನಿ ದುಡ್ಡು ಕಿತ್ತಿತು, ನಿಜ. ಆದರೆ ಐದೂವರೆ ವರ್ಷ ಟೈಮ್ ಇತ್ತಲ್ಲ ಸ್ವಾಮಿ? ಪ್ರತಿ ತಿಂಗಳು ಮೇಲ್ ಬರೆದು ಎಚ್ಚರಿಸಿದ ಅಡ್ಮಿನ್‌ನನ್ನು ನೆಗೆಟಿವ್ ಮನುಷ್ಯ ಅಂದಿರಿ. ಅಪ್ರೈಸಲ್‌ನಲ್ಲಿ ಟೀಮ್ ಸ್ಪಿರಿಟ್ ಕಮ್ಮಿ ಅಂತ ಬರೆದಿರಿ. ನಾಳೆ ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಫೋನ್ ಹೋಗುವುದು ಅವನಿಗೇ. ಸಹಿ ಹಾಕಿದವರ ಫೋನ್ ಸೈಲೆಂಟಿನಲ್ಲಿರುತ್ತದೆ. ಸಾಕಾಗಿದೆ.

ಇರಲಿ. ಕೆಲವು ಕಡೆ ಈಗ ಮೈಗ್ರೇಷನ್, ಅಂದರೆ ಹಳೆಯದರಿಂದ ಹೊಸದಕ್ಕೆ ಸಾಗಿಸುವ ಕೆಲಸ, ಶುರುವಾಗಿದೆಯಂತೆ. ಮೊದಲ ಹಂತ, ಯಾವ ವಿಎಂ ಯಾರದು ಅಂತ ಪಟ್ಟಿ ಮಾಡುವುದು. ಇದು ಜನಗಣತಿಗಿಂತ ಕಷ್ಟ. ಟೆಸ್ಟ್, ಟೆಸ್ಟ್-2, ಟೆಂಪ್, ಟೆಂಪ್-ಹೊಸದು, ದಯವಿಟ್ಟು-ಡಿಲೀಟ್-ಮಾಡಬೇಡಿ. ಮಾಡಿದವರು ಕೆಲಸ ಬಿಟ್ಟು ಕೆನಡಾದಲ್ಲಿದ್ದಾರೆ. ಯಾರನ್ನು ಕೇಳಿದರೂ ನಮ್ಮದಲ್ಲ. ಆಗ ಒಂದೇ ದಾರಿ. ಅದನ್ನು ಆಫ್ ಮಾಡಿ ಯಾರು ಕಿರುಚುತ್ತಾರೆ ಅಂತ ಕಾಯುವುದು. ಸ್ಕ್ರೀಮ್ ಟೆಸ್ಟ್ ಅಂತಲೇ ಅದಕ್ಕೆ ಹೆಸರು. ಮೂರು ವಾರ ಸದ್ದಿರುವುದಿಲ್ಲ. ತಿಂಗಳ ಕೊನೆಯ ದಿನ ಅಕೌಂಟ್ಸ್ ವಿಭಾಗದಿಂದ ಕೂಗು ಕೇಳುತ್ತದೆ. ಟೆಂಪ್ ಮೇಲೆಯೇ ಇಡೀ ಕಂಪನಿಯ ಸಂಬಳ ನಿಂತಿರುತ್ತದೆ.

8ನೇ ಆವೃತ್ತಿಗೆ ಹೇಗೋ ಏರಿದವರು ನಿರಾಳವಾಗಿದ್ದಾರೆ. ಅದರ ಸಪೋರ್ಟ್ 2027ರ ಅಕ್ಟೋಬರ್ 11ರವರೆಗೆ. ಅದಕ್ಕೇನು ಪ್ಲಾನ್ ಎಂದು ಒಬ್ಬ ಮ್ಯಾನೇಜರನ್ನು ಕೇಳಿದೆ. ಆ ಹೊತ್ತಿಗೆ ನಾನು ಇಲ್ಲಿ ಎಲ್ಲಿರ್ತೀನಿ ಸಾರ್, ಬೇರೆ ಕಂಪನಿ ನೋಡ್ಕೋತೀನಿ ಅಂದರು. ಇಷ್ಟು ಸ್ಪಷ್ಟವಾದ ಮೈಗ್ರೇಷನ್ ಪ್ಲಾನನ್ನು ನಾನು ಇನ್ನೆಲ್ಲೂ ನೋಡಿಲ್ಲ. ನೋಟಿಸ್ ಪೀರಿಯಡ್ 90 ದಿನ ಇರುವವರ ಅನುಕೂಲಕ್ಕೆ ಲೆಕ್ಕ ಹಾಕಿದ್ದೇನೆ, ಬರೆದಿಟ್ಟುಕೊಳ್ಳಿ. 2027ರ ಜುಲೈ 13ಕ್ಕೆ ರಾಜೀನಾಮೆ ಹಾಕಿದರೆ ಸರಿಹೋಗುತ್ತದೆ. ಅವತ್ತು ಮಂಗಳವಾರ. ಮಂಗಳವಾರ ಬೇಡ ಅನ್ನುವವರು ಸೋಮವಾರವೇ ಹಾಕಿ.